ಕಿಡಿ ಎಲ್ಲಿ ಕಳೆದುಹೋಯಿತು?

ಎರಡು ವರ್ಷದ ಹಿಂದೆ, ಡಿಸೆಂಬರ್ ಕೊನೆಯ ವಾರದ ಒಂದು ಸಂಜೆ. ಹೊನ್ನೆಮರಡಿನ ದಡ ಕಣ್ಣಿಗೆ ಕಾಣುತ್ತಿತ್ತು, ಆದರೆ ಕೂಗಿದರೆ ಕೇಳುವಷ್ಟು ಹತ್ತಿರವಿರಲಿಲ್ಲ. ಅಂಥ ಜಾಗ ನೋಡಿಯೇ ನಮ್ಮ ದೋಣಿಯ ಮೋಟಾರು ನಿಂತುಹೋಯಿತು.

ದೋಣಿಯಲ್ಲಿದ್ದವರು ಆರು ಮಂದಿ. ಅಕ್ಕ, ಭಾವ, ಅವರ ಮಗ, ನನ್ನ ಇಬ್ಬರು ಚಿಕ್ಕ ಮಕ್ಕಳು ಮತ್ತು ನಾನು. ಭಾವನಿಗೆ ಹಿನ್ನೀರಿನ ಆಚೆ ದಡದಲ್ಲಿ ಒಂದಿಷ್ಟು ತೋಟವಿದೆ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಅರ್ಧ ದಿನ ಹಾಳು, ನೀರಿನ ಮೇಲೆ ಹೋದರೆ ಮುಕ್ಕಾಲು ಗಂಟೆಯ ದಾರಿ. ಅದಕ್ಕಾಗಿ ಹಳೆಯದೊಂದು ಫೈಬರ್ ದೋಣಿ, ಅದರ ಹಿಂದಿನ ಹಲಗೆಗೆ ಕಚ್ಚಿಕೊಂಡು ಕೂತ ಎರಡು ಸಿಲಿಂಡರಿನ ಔಟ್‌ಬೋರ್ಡ್ ಮೋಟಾರು. ಯಾರಿಂದಲೋ ಕೊಂಡವರಿಂದ ಇವರು ಕೊಂಡದ್ದು. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು.

ಭಾವ ಹಗ್ಗ ಎಳೆದರು. ಮತ್ತೆ ಎಳೆದರು. ಚೋಕ್ ಎಳೆದು ಒಮ್ಮೆ, ತಳ್ಳಿ ಒಮ್ಮೆ. ನಲವತ್ತು ಸಲವಾದರೂ ಎಳೆದಿರಬೇಕು. ಅಂಗೈ ಕೆಂಪಾಯಿತು, ದೋಣಿಯ ತುಂಬ ಪೆಟ್ರೋಲಿನ ವಾಸನೆ ಹರಡಿತು, ಮೋಟಾರು ಮಾತ್ರ ಒಂದು ಸಲವೂ ಉಸಿರಾಡಲಿಲ್ಲ. ಮೊಬೈಲುಗಳು ಮೂರಿದ್ದವು, ಒಂದರಲ್ಲೂ ಸಿಗ್ನಲ್ ಇರಲಿಲ್ಲ. ಲೈಫ್ ಜಾಕೆಟ್ ಎರಡೇ ಇದ್ದವು; ಅವನ್ನು ಚಿಕ್ಕವರಿಗೆ ತೊಡಿಸಿದ್ದೆವು ಎಂಬುದೊಂದೇ ಸಮಾಧಾನ. ಹುಟ್ಟು? ಅದು ಮನೆಯ ಕೊಟ್ಟಿಗೆಯಲ್ಲಿ ಭದ್ರವಾಗಿತ್ತು. ಮೋಟಾರು ಇದ್ದ ಮೇಲೆ ಹುಟ್ಟು ಯಾಕೆ ಎಂದು ಯಾವಾಗಲೋ ಒಳಗಿಟ್ಟದ್ದು ಅಲ್ಲೇ ಉಳಿದಿತ್ತು.

ಲಿಂಗನಮಕ್ಕಿ ಹಿನ್ನೀರನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯಲ್ಲಿ ನೀರು ನಿಂತಾಗ ಊರು, ಗದ್ದೆಗಳ ಜೊತೆ ಕಾಡೂ ಮುಳುಗಿತು. ಮಳೆಗಾಲದ ಕೊನೆಗೆ ತುಂಬಿದ ನೀರು ಬೇಸಿಗೆಯತ್ತ ಇಳಿಯುತ್ತ ಬಂದಂತೆ ಆ ಮರಗಳ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ತಲೆ ಎತ್ತಿದವು ಕಣ್ಣಿಗೆ ಬೀಳುತ್ತವೆ, ಹೆದರಿಕೆ ಇರುವುದು ಒಂದು ಗೇಣು ಕೆಳಗೆ ಅಡಗಿದವುಗಳದ್ದು. ಗಾಳಿ ನಮ್ಮನ್ನು ಅಂಥ ಬೊಡ್ಡೆಗಳ ಹಿಂಡಿನತ್ತ ಮೆಲ್ಲಗೆ ತಳ್ಳತೊಡಗಿತ್ತು.

ಆಗ ಮಾತಾಡಿದವನು ಹುಡುಗ. ಸೆಕೆಂಡ್ ಪಿಯುಸಿ ಓದುತ್ತಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ ಕೈಕೊಟ್ಟಿದ್ದರಿಂದ ಆ ವಾರವಿಡೀ ಮನೆಯಲ್ಲಿ ಅವನಿಗೆ ಮಂಗಳಾರತಿ ನಡೆದಿತ್ತು. ಪುಸ್ತಕ ಬಿಚ್ಚು ಎಂದರೆ ಮಿಕ್ಸಿ ಬಿಚ್ಚುತ್ತಾನೆ ಎಂಬುದು ಅಕ್ಕನ ದೂರು.

"ಅಪ್ಪಯ್ಯ, ಕಿಡಿ ಬರ್ತಾ ಇದ್ಯಾ ಅಂತ ನೋಡಿದ್ಯಾ?"

"ಸುಮ್ನೆ ಕೂತ್ಕಳೋ. ನಿಂಗೆಂತ ಗೊತ್ತು?"

"ಪೆಟ್ರೋಲ್ ಬರದಿದ್ರೆ ಕೆಮ್ಮಿ ಕೆಮ್ಮಿ ನಿಲ್ತಿತ್ತು. ಇದು ಸ್ವಿಚ್ ಆರಿಸ್ದಂಗೆ ನಿಂತಿದೆ. ಪ್ಲಗ್ ಬಿಚ್ಚಿ ನೋಡನ."

ಭಾವ ಗದರಿದರು. ಹುಡುಗ ಮುಖ ತಿರುಗಿಸಿ ಕೂತ. ಇಲ್ಲಿ ನ್ಯಾಯ ಹೇಳುವುದಾದರೆ ಇಬ್ಬರದೂ ಸರಿ. ಹುಡುಗನ ಊಹೆ ಸರಿ ಎಂಬುದು ಮರುದಿನ ತಿಳಿಯಿತು. ಆದರೆ ಅಷ್ಟು ಪೆಟ್ರೋಲ್ ಹಬೆ ತುಂಬಿದ ದೋಣಿಯಲ್ಲಿ, ಕತ್ತಲಾಗುವ ಹೊತ್ತಿಗೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಿಡಿ ಹಾರಿಸಿ ನೋಡುವುದು ಎಂದರೆ ಬೆಂಕಿಯ ಜೊತೆ ಆಟ. ಭಾವ ಬೇಡ ಎಂದದ್ದು ಆ ಕಾರಣಕ್ಕಲ್ಲ. ಆದರೂ ಬೇಡ ಎಂದದ್ದು ಒಳ್ಳೆಯದೇ ಆಯಿತು.

ತೋಟದಿಂದ ತಂದ ಅಡಿಕೆ ಹಾಳೆಗಳು ದೋಣಿಯಲ್ಲಿದ್ದವು. ಅವನ್ನೇ ಹುಟ್ಟು ಮಾಡಿಕೊಂಡು ನಾವು ಮೂವರು ನೀರು ತಳ್ಳಿದೆವು. ದಡ ಸೇರುವಷ್ಟಲ್ಲದಿದ್ದರೂ ಬೊಡ್ಡೆಗಳಿಂದ ದೂರ ಉಳಿಯುವಷ್ಟು ಅದು ಸಾಕಾಯಿತು. ಹೊನ್ನೆಮರಡಿಗೆ ದೋಣಿ ನಡೆಸುವುದನ್ನು ಕಲಿಯಲು ಬರುವ ಹುಡುಗ ಹುಡುಗಿಯರ ಗುಂಪೊಂದು ಆವತ್ತು ತೆಪ್ಪ, ಕ್ಯಾನೋಗಳೊಂದಿಗೆ ನೀರಿನಲ್ಲಿತ್ತು. ಭಾವ ಬೀಸಿದ ಕೆಂಪು ಟವೆಲ್ ಕಂಡು ಎರಡು ಕ್ಯಾನೋಗಳು ಬಂದವು. ಮೋಟಾರಿನ ದೋಣಿಯನ್ನು ಮೋಟಾರಿಲ್ಲದ ದೋಣಿಗಳು ಹಗ್ಗ ಕಟ್ಟಿ ಎಳೆದುಕೊಂಡು ಹೋದದ್ದನ್ನು ನೋಡಿ ನನ್ನ ಚಿಕ್ಕ ಮಗಳು ಚಪ್ಪಾಳೆ ತಟ್ಟಿದಳು. ಭಾವ ನಗಲಿಲ್ಲ.

ದೋಣಿಗೆ ಕಚ್ಚಿಸುವ ಮೋಟಾರನ್ನು ಮಾರುಕಟ್ಟೆಗೆ ತಂದು ಗೆದ್ದವನು ಓಲೆ ಎವಿನ್‌ರೂಡ್ ಎಂಬ ನಾರ್ವೆ ಮೂಲದ ಅಮೆರಿಕನ್ ಮೆಕ್ಯಾನಿಕ್. 1909ರಲ್ಲಿ ಮಿಲ್ವಾಕಿ ನಗರದಲ್ಲಿ ಅವನ ವ್ಯಾಪಾರ ಶುರುವಾಯಿತು. ಮದುವೆಯಾಗಲಿದ್ದ ಹುಡುಗಿಗೆ ಐಸ್‌ಕ್ರೀಮ್ ಬೇಕೆನಿಸಿ, ಇವನು ಬಿಸಿಲಲ್ಲಿ ಸರೋವರದುದ್ದ ಹುಟ್ಟು ಹಾಕಿ ತರುವಷ್ಟರಲ್ಲಿ ಅದು ಕರಗಿಹೋಯಿತಂತೆ. ಮೋಟಾರಿನ ಯೋಚನೆ ಆಗ ಹೊಳೆಯಿತು ಎಂಬುದು ಕತೆ. ಆ ಹುಡುಗಿಯೇ ಮುಂದೆ ಹೆಂಡತಿಯಾಗಿ ಅವನ ಕಂಪನಿಯ ಜಾಹೀರಾತುಗಳನ್ನು ಬರೆದಳು. ಹುಟ್ಟುಗಳನ್ನು ಎಸೆದುಬಿಡಿ ಎಂಬ ಕರೆ ಅವುಗಳಲ್ಲಿ ಒಂದು. ನಮ್ಮ ಭಾವ ಆ ಜಾಹೀರಾತನ್ನು ಓದಿರಲಿಕ್ಕಿಲ್ಲ, ಆದರೆ ಪಾಲಿಸಿದ್ದರು!

ಮರುದಿನ ಬೆಳಿಗ್ಗೆ ದಡದಲ್ಲಿ, ಬಯಲಿನಲ್ಲಿ, ಮೋಟಾರಿನ ಮುಚ್ಚಳ ತೆಗೆದೆವು. ಭಾವ ತೋಟದ ಕೆಲಸಕ್ಕೆ ಹೋಗಿದ್ದರು. ಹುಡುಗ ಪಾನಾ, ಸ್ಕ್ರೂಡ್ರೈವರ್ ಹಿಡಿದು ಕೂತ. ಅವನ ತೊಡೆಯ ಮೇಲೆ ಪಿಯುಸಿ ಭೌತಶಾಸ್ತ್ರದ ಪುಸ್ತಕವನ್ನು ನಾನೇ ಬಲವಂತವಾಗಿ ಇಟ್ಟಿದ್ದೆ, ಅಕ್ಕ ಕಿಟಕಿಯಿಂದ ನೋಡುತ್ತಿದ್ದಳಲ್ಲ.

ಇಂಥ ಎಂಜಿನ್ ಓಡಲು ಬೇಕಾದ್ದು ಮೂರು. ಗಾಳಿಯೊಂದಿಗೆ ಬೆರೆತ ಇಂಧನ, ಅದನ್ನು ಒತ್ತುವ ಪಿಸ್ಟನ್, ಒತ್ತಿದ ಗಳಿಗೆಗೆ ಸರಿಯಾಗಿ ಒಂದು ಕಿಡಿ. ಪೆಟ್ರೋಲು ಬಂದಿತ್ತು, ವಾಸನೆಯೇ ಸಾಕ್ಷಿ. ಹಗ್ಗ ಎಳೆದಾಗ ಕೈಗೆ ಗಟ್ಟಿಯಾಗಿ ತಡೆ ಸಿಗುತ್ತಿತ್ತು, ಅಂದರೆ ಒತ್ತಡವೂ ಇದೆ. ಉಳಿದದ್ದು ಕಿಡಿ. ಸಿಗಂದೂರಿಗೆ ಹೋಗುವವರನ್ನು ದಶಕಗಳ ಕಾಲ ಹೊಳೆ ದಾಟಿಸಿದ ಲಾಂಚುಗಳಿಗೆ ಈ ತಾಪತ್ರಯವಿರಲಿಲ್ಲ. (2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸೇತುವೆ ತೆರೆಯಿತಲ್ಲ, ಅಲ್ಲಿಯತನಕ ಲಾಂಚೇ ಗತಿಯಾಗಿತ್ತು.) ಅವು ಡೀಸೆಲ್ ಎಂಜಿನ್ನುಗಳು. ಡೀಸೆಲ್ಲಿಗೆ ಕಿಡಿ ಬೇಡ. ಗಾಳಿಯನ್ನು ವಿಪರೀತ ಒತ್ತಿದಾಗ ಹುಟ್ಟುವ ಕಾವಿನಲ್ಲೇ ಅದು ಹೊತ್ತಿಕೊಳ್ಳುತ್ತದೆ.

ನಮ್ಮ ಮೋಟಾರಿಗೆ ಬ್ಯಾಟರಿ ಇಲ್ಲ. ಹಾಗಾದರೆ ಕಿಡಿಗೆ ಕರೆಂಟು ಎಲ್ಲಿಂದ? ಹುಡುಗನನ್ನು ಕೇಳಿದೆ. ತಲೆ ಕೆರೆದುಕೊಂಡ. "ಜೋಗದಲ್ಲಿ ಕರೆಂಟು ಎಲ್ಲಿಂದ ಬರುತ್ತೆ?" ಎಂದೆ. "ನೀರು ಟರ್ಬೈನ್ ತಿರುಗಿಸುತ್ತೆ, ಮ್ಯಾಗ್ನೆಟ್ ತಿರುಗುತ್ತೆ, ಕಾಯಿಲಿನಲ್ಲಿ..." ಎಂದವನು ಅಲ್ಲಿಗೆ ನಿಲ್ಲಿಸಿ ಮೋಟಾರಿನ ತಲೆಯ ಮೇಲಿದ್ದ ಭಾರದ ಚಕ್ರವನ್ನು ನೋಡಿದ.

ಆ ಚಕ್ರವೇ ಫ್ಲೈವೀಲ್. ಅದರ ಒಳಅಂಚಿನಲ್ಲಿ ಕಾಂತಗಳನ್ನು ಹುದುಗಿಸಿರುತ್ತಾರೆ. ಹಗ್ಗ ಎಳೆದಾಗ ಚಕ್ರ ತಿರುಗಿ ಕಾಂತಗಳು ತಂತಿಯ ಸುರುಳಿಗಳ ಪಕ್ಕದಿಂದ ಹಾದುಹೋಗುತ್ತವೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಕಂಡುಕೊಂಡದ್ದು ಇದನ್ನೇ. ಹೊನ್ನೆಮರಡಿನ ಈ ನೀರು ಲಿಂಗನಮಕ್ಕಿಯಿಂದ ಕೆಳಗಿಳಿದು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದಲ್ಲಿ ಮಾಡುವುದೂ ಅದನ್ನೇ. ಅಲ್ಲಿ ತಿರುಗುವುದು ದೈತ್ಯ ವಿದ್ಯುತ್ಕಾಂತ, ಇಲ್ಲಿ ತಿರುಗುವುದು ಊಟದ ತಟ್ಟೆಯಗಲದ ಚಕ್ರ. ನಿಯಮ ಒಂದೇ. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಬರುವುದೂ ಇದೇ!

ಆದರೆ ಹಾಗೆ ಹುಟ್ಟುವ ವಿದ್ಯುತ್ತಿನ ವೋಲ್ಟೇಜು ಕಿಡಿ ಹಾರಿಸಲು ಸಾಲದು. ಸಾಧಾರಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಜಿಗಿಯಲು ಸುಮಾರು 3,000 ವೋಲ್ಟ್ ಬೇಕು. ಸಿಲಿಂಡರಿನೊಳಗೆ ಗಾಳಿ ಒತ್ತಿಕೊಂಡಿರುವುದರಿಂದ ಇನ್ನೂ ಹೆಚ್ಚು ಬೇಕು. ಅದಕ್ಕೊಂದು ಉಪಾಯ ಮಾಡಿದ್ದಾರೆ. ಕಾಯಿಲಿನಲ್ಲಿ ಎರಡು ಸುರುಳಿ: ದಪ್ಪ ತಂತಿಯದು ಕೆಲವೇ ನೂರು ಸುತ್ತು, ಕೂದಲಿನಂಥ ತಂತಿಯದು ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಕರೆಂಟು ಹರಿಯುತ್ತಿರುವಾಗ ಒಮ್ಮೆಲೇ ಅದನ್ನು ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ. ಎಷ್ಟು ಬೇಗ ಕುಸಿದರೆ ಅಷ್ಟು ಹೆಚ್ಚು ವೋಲ್ಟೇಜು. ಸಣ್ಣ ತಂತಿಯ ತುದಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಎದ್ದು ಪ್ಲಗ್ಗಿನ ಸಂದಿಯಲ್ಲಿ ಜಿಗಿಯುತ್ತದೆ.

ಕರೆಂಟನ್ನು ಕಡಿಯುವ ಕೆಲಸ ಸಿ.ಬಿ. ಪಾಯಿಂಟಿನದು. ಗೋಡೆಯ ಸ್ವಿಚ್ಚಿನಂಥದೇ ಒಂದು ಪುಟ್ಟ ಸ್ವಿಚ್ಚು. ಎಂಜಿನ್ನಿನ ಪ್ರತಿ ಸುತ್ತಿಗೂ ಒಮ್ಮೆ ಬಾಯಿ ತೆರೆಯುತ್ತದೆ. ನಿಮಿಷಕ್ಕೆ 4,000 ಸುತ್ತು ಓಡುವ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 66 ಸಲ! ತೆರೆಯುವಾಗ ಪಾಯಿಂಟಿನಲ್ಲೇ ಕಿಡಿ ಹಾರಿ ಅದು ಸುಟ್ಟುಹೋಗಬಾರದು, ಕರೆಂಟೂ ಥಟ್ಟನೆ ಕಡಿಯಬೇಕು. ಅದಕ್ಕೆ ಜೊತೆಯಲ್ಲಿ ಒಂದು ಕಂಡೆನ್ಸರ್.

ಅಪ್ಪಂದಿರಿಗೆ ಇದೆಲ್ಲ ಎಲ್ಲೋ ಕೇಳಿದ ಹಾಗಿದೆ ಅನ್ನಿಸಬಹುದು. ಹಳೆಯ ಲೂನಾ, ಹಳೆಯ ಬಜಾಜ್ ಸ್ಕೂಟರುಗಳಲ್ಲಿ ಇದ್ದದ್ದೂ ಇದೇ ಏರ್ಪಾಡು. ಮಳೆಗಾಲದ ಬೆಳಿಗ್ಗೆ ಸ್ಕೂಟರನ್ನು ಓರೆ ಮಾಡಿ, ಒದ್ದು ಒದ್ದು, ಕೊನೆಗೆ ಪ್ಲಗ್ ಬಿಚ್ಚಿ ಲುಂಗಿಯಲ್ಲಿ ಒರೆಸಿದ್ದು ಯಾರಿಗೆ ನೆನಪಿಲ್ಲ? ಆ ಪ್ಲಗ್ಗಿನ ಮೇಲೆ ಬಹುಪಾಲು ಮೈಕೋ ಎಂಬ ಹೆಸರು ಇರುತ್ತಿತ್ತು. ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ 1902ರ ಹೊತ್ತಿಗೆ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ರೂಪುಗೊಂಡವು. ಅದೇ ಸಂಸ್ಥೆಯ ಭಾರತದ ಶಾಖೆಯಾಗಿ 1951ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದದ್ದು ಮೈಕೋ. 2008ರಲ್ಲಿ ಹೆಸರು ಬಾಷ್ ಎಂದಾಯಿತು, ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಮಾತ್ರ ಅದು ಈಗಲೂ ಮೈಕೋ ಪ್ಲಗ್ಗೇ.

ಕಿಡಿ ನೋಡುವುದಕ್ಕೆ ಒಂದು ಕ್ರಮವಿದೆ, ಅದನ್ನು ತಪ್ಪಿಸಬಾರದು. ಮೊದಲು ಪೆಟ್ರೋಲ್ ಪೈಪನ್ನು ಕಳಚಿ ಡಬ್ಬವನ್ನು ದೂರ ಇಡಬೇಕು. ಪ್ಲಗ್ಗುಗಳನ್ನು ಬಿಚ್ಚಿದ ಮೇಲೆ ಒಳಗಿನ ಹಬೆ ಹೋಗುವವರೆಗೆ ಬಯಲಿನಲ್ಲಿ ಹಾಗೇ ಬಿಡಬೇಕು. ನಮ್ಮ ಎರಡು ಪ್ಲಗ್ಗುಗಳೂ ಪೆಟ್ರೋಲಿನಲ್ಲಿ ಮಿಂದಿದ್ದವು. ಭಾವನ ನಲವತ್ತು ಎಳೆತದ ಫಲ. ಒಣಗಿಸಿ, ಕರಿ ತೆಗೆದು, ಸಂದಿ ನೋಡಿದೆವು. ಆಮೇಲೆ ಪ್ಲಗ್ಗನ್ನು ಅದರ ತಂತಿಗೆ ಸಿಕ್ಕಿಸಿ, ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ, ಸಿಲಿಂಡರಿನ ತೂತಿನಿಂದ ಆದಷ್ಟು ದೂರದಲ್ಲಿ ಕಟ್ಟಬೇಕು. ಕೈಯಲ್ಲಿ ಹಿಡಿಯಬಾರದು, ಹೊಡೆತ ಸಣ್ಣದೇನಲ್ಲ. ತಂತಿಯ ತುದಿಯನ್ನು ಎಲ್ಲಿಗೂ ತಾಗಿಸದೆ ಸುಮ್ಮನೆ ಬಿಟ್ಟು ಹಗ್ಗ ಎಳೆಯಲೂಬಾರದು. ಹೋಗಲು ದಾರಿ ಸಿಗದ ವೋಲ್ಟೇಜು ಕಾಯಿಲಿನ ಒಳಗೇ ದಾರಿ ಕೊರೆದುಕೊಳ್ಳುತ್ತದೆ. ನೋಡುವುದು ನೆರಳಿನಲ್ಲಿ, ಎಳೆಯುವುದು ಜೋರಾಗಿ. ಬ್ಯಾಟರಿ ಇಲ್ಲದ ಮೋಟಾರಿನಲ್ಲಿ ಮೆಲ್ಲಗೆ ಎಳೆದರೆ ಕಾಂತವೂ ಮೆಲ್ಲಗೆ ಹೋಗುತ್ತದೆ, ಆರೋಗ್ಯವಾಗಿರುವ ಎಂಜಿನ್ನೂ ಕಿಡಿ ಕೊಡದೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಎಳೆದೆ. ಮೇಲಿನ ಪ್ಲಗ್ಗಿನಲ್ಲಿ ಕಿಡಿ ಇಲ್ಲ. ಕೆಳಗಿನದರಲ್ಲೂ ಇಲ್ಲ.

ಹೊಸ ಪ್ಲಗ್ ಹಾಕಿ ನೋಡಿದೆವು. ಇಲ್ಲ. ಸರಿ, ಪ್ಲಗ್ಗಿನ ತಪ್ಪಲ್ಲ. ಈ ಮೋಟಾರಿನಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಕಾಯಿಲು, ಒಂದೊಂದು ಪಾಯಿಂಟು, ಒಂದೊಂದು ಕಂಡೆನ್ಸರು. ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ ಹಾಗೆ. ಎರಡೂ ಒಲೆ ಒಂದೇ ಗಳಿಗೆಯಲ್ಲಿ ಆರಿದರೆ ಏನು ಅರ್ಥ?

"ಎರಡಕ್ಕೂ ಸೇರಿದ್ದು ಏನೋ ಕೆಟ್ಟಿದೆ ಮಾವ" ಎಂದ ಹುಡುಗ. ಎರಡಕ್ಕೂ ಸೇರಿದ್ದು ಎಂದರೆ ಒಂದು ಫ್ಲೈವೀಲ್, ಇನ್ನೊಂದು ಮೋಟಾರು ನಿಲ್ಲಿಸುವ ಗುಂಡಿ. ಹಗ್ಗ ಎಳೆದರೆ ಫ್ಲೈವೀಲ್ ತಿರುಗುತ್ತಿತ್ತು, ಕಾಂತ ರಾತ್ರೋರಾತ್ರಿ ಸಾಯುವುದಿಲ್ಲ. ಹಾಗಾದರೆ ಗುಂಡಿ.

ಈ ಗುಂಡಿಯ ಕೆಲಸ ನಮ್ಮ ಮನೆಯ ಸ್ವಿಚ್ಚಿಗೆ ತಿರುಗಾಮುರುಗ. ಮನೆಯಲ್ಲಿ ತಂತಿ ಕೂಡಿಸಿದರೆ ದೀಪ ಹತ್ತುತ್ತದೆ. ಇಲ್ಲಿ ತಂತಿ ಕೂಡಿಸಿದರೆ ಎಂಜಿನ್ ಆರುತ್ತದೆ. ಗುಂಡಿ ಒತ್ತಿದಾಗ ದಪ್ಪ ಸುರುಳಿಯ ಕರೆಂಟು ನೇರವಾಗಿ ಎಂಜಿನ್ನಿನ ಮೈಗೆ ಇಳಿದುಹೋಗುತ್ತದೆ. ಪಾಯಿಂಟು ಎಷ್ಟೇ ಬಾಯಿ ತೆರೆದರೂ ಕರೆಂಟು ಕಡಿಯುವುದಿಲ್ಲ, ಕಿಡಿ ಹುಟ್ಟುವುದಿಲ್ಲ. ಆ ತಂತಿಯ ಹೊದಿಕೆ ಎಲ್ಲಾದರೂ ಸವೆದು ಬರಿ ತಾಮ್ರ ಎಂಜಿನ್ನಿಗೆ ತಾಗಿದರೆ ಯಾರೋ ಗುಂಡಿ ಒತ್ತಿ ಹಿಡಿದ ಹಾಗೆಯೇ. ಹಳೆಯ ಮೋಟಾರಿನಲ್ಲಿ ಕಿಡಿ ಇಲ್ಲವೆಂದಾಗ ಫ್ಲೈವೀಲ್ ಬಿಚ್ಚುವ ಮೊದಲು ಈ ತಂತಿಗಳನ್ನು ಕಳಚಿ ನೋಡುವುದು ಜಾಣತನ. ಖರ್ಚಿಲ್ಲ, ಐದು ನಿಮಿಷದ ಕೆಲಸ.

ಕಳಚಿದೆವು. ಎಳೆದೆ. ಮೇಲಿನ ಪ್ಲಗ್ಗಿನಲ್ಲಿ ಚಟ್ಟನೆ ನೀಲಿ ಕಿಡಿ! ಹುಡುಗ ಎದ್ದು ನಿಂತುಬಿಟ್ಟ. ಮುಚ್ಚಳದ ತೂತಿನಲ್ಲಿ ತಂತಿಗಳು ಹಾದುಬರುವ ಕಡೆ ರಬ್ಬರ್ ಉಂಗುರ ಎಂದೋ ಉದುರಿಹೋಗಿತ್ತು. ವರ್ಷಗಟ್ಟಲೆ ನಡುಗಿ ನಡುಗಿ ಒಂದು ತಂತಿ ಅಂಚಿಗೆ ಉಜ್ಜಿಕೊಂಡು ಬೆತ್ತಲಾಗಿತ್ತು.

ಆದರೆ ಕೆಳಗಿನ ಪ್ಲಗ್ಗಿನಲ್ಲಿ ಇನ್ನೂ ಕಿಡಿ ಇಲ್ಲ. ಸವೆದ ತಂತಿ ಒಂದೇ, ಮೇಲಿನ ಸಿಲಿಂಡರಿನದು. ಕೆಳಗಿನ ಸಿಲಿಂಡರಿನ ತಂತಿ ನೆಟ್ಟಗಿತ್ತು. ಅಂದರೆ ಎರಡಕ್ಕೂ ಸೇರಿದ ಒಂದು ದೋಷ ಎಂಬ ನಮ್ಮ ತರ್ಕ ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಯಿತು, ಕಾರಣ ಮಾತ್ರ ತಪ್ಪು. ಇದ್ದದ್ದು ಎರಡು ಬೇರೆ ಬೇರೆ ದೋಷ.

"ಹಾಗಾದ್ರೆ ನಿನ್ನೆ ಎರಡೂ ಒಟ್ಟಿಗೆ ಹೋದದ್ದು ಹ್ಯಾಗೆ?" ಎಂದೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಒಟ್ಟಿಗೆ ಹೋಗಿಲ್ಲ ಮಾವ. ಮಳೆಗಾಲ ಮುಗಿದಾಗಿಂದ ಅಪ್ಪಯ್ಯ ಹೇಳ್ತಾ ಇತ್ತು, ಮೊದಲಿನಂಗೆ ಎಳೆಯಲ್ಲ, ಗೊಬ್ಬರದ ಚೀಲ ಹಾಕಿದ್ರೆ ಸುಸ್ತಾಗುತ್ತೆ ಅಂತ. ಕೆಳಗಿಂದು ಆಗ್ಲೇ ಸತ್ತಿದೆ. ಮೂರು ತಿಂಗಳಿಂದ ಒಂದೇ ಸಿಲಿಂಡರಿನಲ್ಲಿ ಓಡ್ತಾ ಇತ್ತು. ನಿನ್ನೆ ಅದೂ ಹೋಯ್ತು."

ನನಗೆ ಆ ಮಾತು ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಸಂಜೆ ಭಾವನಿಗೆ ಹೇಳಿದಾಗ ಅವರು ಮಗನನ್ನು ಒಂದು ಗಳಿಗೆ ನೋಡಿ, ಕವಳ ಹಾಕಿಕೊಂಡು, "ಇರಬಹುದು" ಎಂದರು.

ಮುಂದಿನ ಭಾನುವಾರ ಫ್ಲೈವೀಲ್ ಬಿಚ್ಚಿದ್ದು. ಇದಕ್ಕೆ ಪುಲ್ಲರ್ ಎಂಬ ಉಪಕರಣ ಬೇಕೇಬೇಕು. ಸಾಗರದ ಗ್ಯಾರೇಜೊಂದರಿಂದ ಎರವಲು ತಂದೆವು. ಸುತ್ತಿಗೆಯಲ್ಲಿ ಬಡಿದು ತೆಗೆಯುವವರಿದ್ದಾರೆ. ಬಡಿದರೆ ಕಾಂತ ದುರ್ಬಲವಾಗುತ್ತದೆ, ಒಳಗಿನ ದಂಡವೂ ಸೊಟ್ಟಗಾದೀತು. ಚಕ್ರವನ್ನು ದಂಡದ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಉಗುರಿನಂಥ ಒಂದು ಲೋಹದ ಚೂರು, ಅದರ ಕೀ, ಸರಿಯಿದೆಯೇ ಎಂದು ನೋಡಿದೆವು. ಅದು ತುಂಡಾಗಿದ್ದರೆ ಕಿಡಿ ಬರುತ್ತದೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ. ನಮ್ಮದು ಸರಿಯಿತ್ತು.

ಕೆಳಗಿನ ಸಿಲಿಂಡರಿನ ಪಾಯಿಂಟಿನ ಮೇಲೆ ಬೂದು ಬಣ್ಣದ ಪೊರೆ ಕೂತಿತ್ತು. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ಮೋಟಾರಿಗೆ ಇದು ತಪ್ಪಿದ್ದಲ್ಲ. ಕಣ್ಣಿಗೆ ಏನೂ ಅಲ್ಲ ಅನ್ನಿಸುವ ಆ ಪೊರೆ ಕರೆಂಟನ್ನು ತಡೆದು ಕೂರುತ್ತದೆ. ನುಣುಪು ಪಾಲಿಷ್ ಪೇಪರಿನಲ್ಲಿ ಒಂದೆರಡು ಸಲ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದದಿಂದ ಪುಡಿಯನ್ನೆಲ್ಲ ಒರೆಸಿ, ಸಂದಿಯನ್ನು ಅರ್ಧ ಮಿಲಿಮೀಟರಿಗೆ ಕೂರಿಸಿದೆವು. ಗ್ಯಾರೇಜುಗಳಲ್ಲಿ ಗರಗಸದ ಬ್ಲೇಡು ತೂರಿಸಿ ಅಳೆಯುವುದುಂಟು. ಸ್ಕೂಟರಿಗೆ ನಡೆದೀತು, ಇಲ್ಲಿ ಫೀಲರ್ ಗೇಜ್ ಬಳಸುವುದೇ ವಾಸಿ, ಸಂದಿ ಬದಲಾದರೆ ಕಿಡಿಯ ಹೊತ್ತೂ ಬದಲಾಗುತ್ತದೆ.

ಎಳೆದು ನೋಡಿದರೆ ಕಿಡಿ ಬಂತು. ಆದರೆ ಸಂಜೆಯ ಚಿಮಣಿ ಬುಡ್ಡಿಯಂತೆ ಹಳದಿ, ಸೋತ ಕಿಡಿ. ಪ್ಲಗ್ಗಿನ ಸಂದಿ ಒಂದು ಮಿಲಿಮೀಟರೂ ಇಲ್ಲ. ಅಷ್ಟು ಜಿಗಿದರೆ ಗೆದ್ದಂತಲ್ಲ. ಬಯಲಲ್ಲಿ ಐದಾರು ಮಿಲಿಮೀಟರ್ ಜಿಗಿಯುವ ಕಿಡಿಯೇ ಸಿಲಿಂಡರಿನ ಒತ್ತಡದಲ್ಲಿ ನಂಬಿಕೆಗೆ ಅರ್ಹ. ಮೇಲಿನದು ಜಿಗಿಯಿತು, ಕೆಳಗಿನದು ಜಿಗಿಯಲಿಲ್ಲ. ಕಂಡೆನ್ಸರುಗಳನ್ನು ಅದಲು ಬದಲು ಮಾಡಿದೆವು. ದೌರ್ಬಲ್ಯ ಕಂಡೆನ್ಸರಿನ ಹಿಂದೆ ಹೋಗಲಿಲ್ಲ, ಕೆಳಗೇ ಉಳಿಯಿತು. ಕಾಯಿಲುಗಳನ್ನು ಅದಲು ಬದಲು ಮಾಡಿದೆವು; ಈ ಸಲ ಹಳದಿ ಕಿಡಿ ಮೇಲಕ್ಕೆ ಬಂತು. ಕಾಯಿಲನ್ನು ಬೆಳಕಿಗೆ ಹಿಡಿದು ನೋಡಿದರೆ ಹೊದಿಕೆಯಲ್ಲಿ ಕೂದಲೆಳೆಯಂಥ ಬಿರುಕು. ಅಷ್ಟು ವರ್ಷದ ಕಾವು, ತೇವ. ಹೊರಗೆ ಬರಬೇಕಾದ ವೋಲ್ಟೇಜು ಆ ಬಿರುಕಿನಲ್ಲೇ ಸೋರಿಹೋಗುತ್ತಿತ್ತು.

ಒಂದೇ ಬಗೆಯ ಎರಡು ಭಾಗಗಳಿದ್ದಾಗ ಅವನ್ನು ಅದಲು ಬದಲು ಮಾಡಿ, ರೋಗ ಯಾರ ಹಿಂದೆ ಹೋಗುತ್ತದೆ ಎಂದು ನೋಡುವ ಈ ಉಪಾಯಕ್ಕೆ ಮೀಟರೂ ಬೇಡ, ಹಣವೂ ಬೇಡ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಏನು ಸರಿಹೋಯಿತು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ನಮ್ಮ ಹುಡುಗ ಪ್ರತಿ ಸಲದ ಫಲಿತಾಂಶವನ್ನು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದಿಟ್ಟಿದ್ದ. ಅವನ ಪ್ರಾಯೋಗಿಕ ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ಅಷ್ಟು ಅಚ್ಚುಕಟ್ಟಾದ ಪುಟ ನಾನು ಕಂಡಿಲ್ಲ.

ಕಾಯಿಲು ಸಾಗರದಲ್ಲಿ ಸಿಗಲಿಲ್ಲ, ಶಿವಮೊಗ್ಗದಲ್ಲೂ ಇಲ್ಲ. ಮೀನುಗಾರರು ಔಟ್‌ಬೋರ್ಡ್ ಮೋಟಾರುಗಳನ್ನೇ ನಂಬಿ ಬದುಕುವ ಕರಾವಳಿಯಲ್ಲಿ ವಿಚಾರಿಸಿ, ಮಲ್ಪೆಯಲ್ಲಿ ಹುಡುಕಿಸಿ ತರಿಸಿದ್ದಾಯಿತು. ಅದಕ್ಕೆ ಮೂರು ವಾರ ಹಿಡಿಯಿತು. ಈಗಿನ ಹೊಸ ಮೋಟಾರುಗಳಲ್ಲಿ ಸಿ.ಬಿ. ಪಾಯಿಂಟ್ ಇಲ್ಲ, ಆ ಕೆಲಸವನ್ನು ಎಲೆಕ್ಟ್ರಾನಿಕ್ ಡಬ್ಬಿಯೊಂದು ಮಾಡುತ್ತದೆ. ಕೆಡುವುದು ಕಡಿಮೆ. ಕೆಟ್ಟರೆ ದಡದಲ್ಲಿ ಕೂತು ಒರೆಸಿ ಸರಿಮಾಡುವಂಥದೇನೂ ಅದರಲ್ಲಿಲ್ಲ.

ಹೊಸ ಕಾಯಿಲು ಕೂರಿಸಿ, ಮೋಟಾರನ್ನು ದಡದ ನೀರಿನಲ್ಲೇ ಇಳಿಸಿ ಎಳೆದದ್ದು ಜನವರಿಯ ಕೊನೆಯಲ್ಲಿ. ನೀರಿಲ್ಲದೆ ಇದನ್ನು ಓಡಿಸಬಾರದು, ಎಂಜಿನ್ನನ್ನು ತಣಿಸುವ ಪಂಪಿನ ರಬ್ಬರ್ ಚಕ್ರ ನಿಮಿಷಗಳಲ್ಲಿ ಹಾಳಾಗುತ್ತದೆ. ಎರಡನೇ ಎಳೆತಕ್ಕೆ ಎದ್ದಿತು. ಎರಡೂ ಸಿಲಿಂಡರಿನ ದನಿ ಬೇರೆಯೇ; ಅಕ್ಕ ಅಡುಗೆಮನೆಯಿಂದಲೇ ಗುರುತಿಸಿದಳು. ಗುಂಡಿಯ ತಂತಿಗಳನ್ನು ಆಗ ಇನ್ನೂ ಜೋಡಿಸಿರಲಿಲ್ಲ. ನಿಲ್ಲಿಸುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ! ಪೆಟ್ರೋಲ್ ಪೈಪ್ ಕಳಚಿ, ಒಳಗಿದ್ದದ್ದು ಮುಗಿಯುವವರೆಗೆ ಕಾದು ನಿಂತೆವು. ಅದು ಕೆಮ್ಮಿ ಕೆಮ್ಮಿ ನಿಂತಿತು. "ನೋಡು ಅಪ್ಪಯ್ಯ, ಪೆಟ್ರೋಲ್ ಮುಗಿದ್ರೆ ಹಿಂಗೆ ನಿಲ್ಲೋದು" ಎಂದ ಹುಡುಗ. ಭಾವ ಈ ಸಲ ಗದರಲಿಲ್ಲ.

ತಂತಿ ಹಾದುಹೋಗುವ ತೂತಿಗೆ ಹಳೆಯ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಉಂಗುರ ಮಾಡಿ ಕೂರಿಸಿದ್ದು ಅವನದೇ ಯೋಚನೆ. ಈಗಲೂ ಅದೇ ಇದೆ. ಭೌತಶಾಸ್ತ್ರದಲ್ಲಿ ಮಾರ್ಚಿಯಲ್ಲಿ ಎಷ್ಟು ಬಂತು ಎಂದು ಕೇಳಬೇಡಿ, ಪಾಸಾದ. ಫ್ಯಾರಡೆಯ ಪ್ರಶ್ನೆಗೆ ಉತ್ತರ ಬರೆಯುತ್ತ ಕಾಯಿಲಿನ ಚಿತ್ರ ಬಿಡಿಸಲು ಹೋಗಿ ಹೊತ್ತು ಸಾಲದೆ ಎರಡು ಲೆಕ್ಕ ಬಿಟ್ಟು ಬಂದನಂತೆ. ಅಕ್ಕನಿಗೆ ಆ ಎರಡು ಲೆಕ್ಕದ ಕೊರಗು ಇನ್ನೂ ಹೋಗಿಲ್ಲ.

ದೋಣಿಯಲ್ಲಿ ಈಗ ಎರಡು ಹುಟ್ಟು, ಆರು ಲೈಫ್ ಜಾಕೆಟ್, ಒಂದು ಪ್ಲಗ್ ಪಾನಾ ಇವೆ. ಹೋದ ತಿಂಗಳು ಹೊನ್ನೆಮರಡಿಗೆ ಹೋಗಿದ್ದೆ. ಬೆಳಿಗ್ಗೆ ಆಚೆ ದಡಕ್ಕೆ ಹೊರಡುವ ಮೊದಲು ಭಾವ ದೋಣಿಯ ಹಗ್ಗ ಬಿಚ್ಚುತ್ತ, ರಜೆಗೆ ಬಂದಿದ್ದ ಮಗನನ್ನು ಕೇಳುತ್ತಿದ್ದರು: "ಕಿಡಿ ನೋಡಿದ್ಯನಾ?"